ಸವೆದದ್ದು ಎಲ್ಲಿಗೆ ಹೋಯಿತು ಸ್ವಾಮಿ?

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳ ಆಟದ ಅಂಗಳಕ್ಕೆ ರಬ್ಬರ್ ಹಾಸು ಹಾಕಿಸಿ ಇನ್ನೂ ವರ್ಷ ತುಂಬಿಲ್ಲ. ಉಳಿದರ್ಧ ಜಾಗಕ್ಕೂ ಅದನ್ನೇ ಹಾಕಿಸುವುದೆಂದು ಈ ವಾರ ಸಂಘ ಠರಾವು ಮಾಡಿತು. ಬೇಡ ಅಂದಿದ್ದಕ್ಕೆ ನನ್ನ ಕೈಗೊಂದು ಲ್ಯಾಬ್ ವರದಿ ತುರುಕಿದರು: ಅತ್ಯುತ್ತಮ ಸವೆತ ನಿರೋಧಕ, ನೂರಕ್ಕೆ ನೂರು ಪರಿಸರಸ್ನೇಹಿ. ಹಾಗಾದರೆ ಮಕ್ಕಳ ಅಂಗಾಲು ದಿನಾ ಸಂಜೆ ಕಪ್ಪಗಾಗುವುದು ಯಾವ ಸ್ನೇಹದಿಂದ?

ಹಾಸು ಅಂದರೆ ಇಷ್ಟೇ: ಗುಜರಿ ಟೈರನ್ನು ಹರಳಾಗಿ ಅರೆದು, ಪಾಲಿಯುರೆಥೇನ್ ಅಂಟಿನಲ್ಲಿ ಕಲಸಿ ಒತ್ತಿದ್ದು. ಟೈರನ್ನು ಪ್ಲಾಸ್ಟಿಕ್ ಬಕೆಟ್ಟಿನಂತೆ ಕರಗಿಸಿ ಮತ್ತೆ ಎರಕ ಹೊಯ್ಯಲಾಗದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ ಗಂಧಕ ಬೆರೆಸಿ ಕಾಯಿಸಿದ ರಬ್ಬರಿನ ಎಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೇ ಈ ಅರೆಯುವ ಕೆಲಸ. 2022ರಲ್ಲಿ ಕೇಂದ್ರ ಸರ್ಕಾರ ಹಳೆ ಟೈರಿನ ಹೊಣೆಯನ್ನು ತಯಾರಕರ ತಲೆಗೇ ಕಟ್ಟಿತು, ಒಳ್ಳೆಯದೇ. ಆದರೆ ಆ ಪುಡಿ ಕೊನೆಗೆ ಯಾರ ಅಂಗಳಕ್ಕೆ ಬಂದು ಬೀಳುತ್ತದೆ ಅನ್ನುವುದನ್ನೂ ನೋಡಬೇಕಲ್ಲ.

ಇಂಥ ಸವೆತದ ವರದಿಗಳ ವಿಷಯದಲ್ಲಿ ನನ್ನ ಹಳೆಯ ಜಗಳ ಇರುವುದು ಎಂಜಿನಿಯರಿಂಗ್ ಕಾಲೇಜುಗಳ ಜೊತೆ. ಎಪಾಕ್ಸಿ ರಾಳಕ್ಕೆ ಟೈರ್ ಪುಡಿ ಶೇ 5, 10, 15 ಎಂದು ಬೆರೆಸು. ಪಿನ್-ಆನ್-ಡಿಸ್ಕ್ ಯಂತ್ರದಲ್ಲಿ ಗಡಸು ಉಕ್ಕಿನ ತಟ್ಟೆಗೆ ಉಜ್ಜು. ಮೊದಲೂ ಆಮೇಲೂ ತೂಗು. ಪ್ರಯೋಗಗಳನ್ನು ಹೊಂದಿಸುವ ಟಗೂಚಿಯ ಎಲ್-27 ಕೋಷ್ಟಕ ತುಂಬು. ಶೇ 10 ಉತ್ತಮ ಎಂದು ಬರೆದು ಪೇಪರ್ ಕಳಿಸು. ತಮಾಷೆಯೆಂದರೆ ವಿಷಯ ನಿಜಕ್ಕೂ ಸ್ವಾರಸ್ಯದ್ದು. 1953ರ ಆರ್ಚರ್ಡ್ ಸೂತ್ರ ನಂಬಿದರೆ ಗಡಸು ಇಳಿದಷ್ಟೂ ಸವೆತ ಏರಬೇಕು; ಮೆತ್ತನೆಯ ರಬ್ಬರ್ ಸೇರಿದರೆ ಎಪಾಕ್ಸಿ ಇನ್ನೂ ಬೇಗ ಸವೆಯಬೇಕು. ಎಷ್ಟೋ ಸಲ ಹಾಗಾಗುವುದಿಲ್ಲ. ಎಪಾಕ್ಸಿ ಪೆಡಸು, ಬಿರುಕು ಬಿಟ್ಟು ಚಕ್ಕೆ ಏಳುತ್ತದೆ. ನಡುವೆ ಕೂತ ರಬ್ಬರ್ ಕಣ ಪೆಟ್ಟನ್ನು ನುಂಗಿ ಬಿರುಕನ್ನು ತಡೆಯುತ್ತದೆ. ಪುಡಿ ಅತಿಯಾಯಿತೋ, ಆಟ ತಿರುಗುತ್ತದೆ. ಬೆಂದ ರಬ್ಬರಿಗೆ ರಾಳ ಸರಿಯಾಗಿ ಅಂಟುವುದಿಲ್ಲ, ಸಿಲೇನ್ ಎಂಬ ಬೆಸೆಯುವ ರಾಸಾಯನಿಕ ಹಚ್ಚಿ ಹದ ಮಾಡದಿದ್ದರೆ ಕಣ ಇಡಿಯಾಗಿ ಕಿತ್ತು ಬರುತ್ತದೆ. ಭಾರ, ವೇಗ, ಎದುರಿನ ಮೇಲ್ಮೈ ಯಾವುದು ಬದಲಾದರೂ ಫಲಿತಾಂಶ ಬದಲು. ನಮ್ಮ ಮಕ್ಕಳೇನು ನುಣುಪು ಉಕ್ಕಿನ ತಟ್ಟೆಯ ಮೇಲೆ ಆಡುತ್ತಾರೆಯೇ? ಚಪ್ಪಲಿಗೆ ಮೆತ್ತಿದ ಮರಳು ಯಾವ ಎಲ್-27ರಲ್ಲಿದೆ?

ಒಮ್ಮೆ ಇಂಥದೇ ಪ್ರಾಜೆಕ್ಟಿನ ವೈವಾಕ್ಕೆ ನನ್ನನ್ನೂ ಕೂರಿಸಿದ್ದರು. ಕಾಲೇಜಿನ ಹೆಸರು ಬೇಡ. ಗ್ರಾಮಿನ ಹತ್ತು ಸಾವಿರದಲ್ಲೊಂದು ಪಾಲು ತೂಗುವ ತಕ್ಕಡಿಯ ಬಗ್ಗೆ ಹುಡುಗ ಹೆಮ್ಮೆಯಿಂದ ಹೇಳಿದ.

‘ಸವೆದ ಪುಡಿ ಏನಾಯಿತಪ್ಪಾ?’

‘ಅಸಿಟೋನ್ ಹಾಕಿ ಒರೆಸಿದ್ವಿ ಸಾರ್.’

ಗೈಡ್ ಮಹಾಶಯರು ನನ್ನತ್ತ ಬಾಗಿ, ಅದು ನಮ್ಮ ಸ್ಕೋಪ್‌ನಲ್ಲಿ ಬರಲ್ಲ ಸಾರ್ ಅಂದರು.

ಬರಬೇಕು ಸ್ವಾಮಿ. ಟೈರ್ ಬಿರಿಯದಿರಲೆಂದು ಹಾಕುವ 6ಪಿಪಿಡಿ ಎಂಬ ರಾಸಾಯನಿಕ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಳೆಗಳಲ್ಲಿ ಕೋಹೊ ಸಾಲ್ಮನ್ ಮೀನುಗಳು ಮಳೆನೀರು ಹರಿದಾಗಲೆಲ್ಲ ಸಾಯುತ್ತಿದ್ದುದು ಇದರಿಂದಲೇ ಎಂದು 2020ರಲ್ಲಿ ಪತ್ತೆಯಾಯಿತು. ಕೃತಕ ಹುಲ್ಲಿನ ಮೈದಾನಕ್ಕೆ ಸುರಿಯುವ ಬಿಡಿ ರಬ್ಬರ್ ಹರಳಿನ ಮಾರಾಟ ನಿಲ್ಲಿಸಲು ಯುರೋಪಿಯನ್ ಒಕ್ಕೂಟ 2023ರಲ್ಲಿ ಎಂಟು ವರ್ಷದ ಗಡುವು ಹಾಕಿತು. ಮೀನಿಗಾದದ್ದು ಮಕ್ಕಳಿಗೂ ಆಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ. ಎಷ್ಟು ಸವೆಯಿತು ಎಂದು ಅಷ್ಟು ನಾಜೂಕಾಗಿ ತೂಗುವವರು ಸವೆದದ್ದರ ಕಡೆ ಒಮ್ಮೆಯಾದರೂ ತಿರುಗಿ ನೋಡಲಿ ಅಂತಿದ್ದೇನೆ.

ನೋಡುವ ಒಬ್ಬರು ಇದ್ದಾರೆ. ನಮ್ಮಲ್ಲಿ ಬೆಳಿಗ್ಗೆ ಕಸ ಗುಡಿಸುವ ಹೆಂಗಸು ಆ ಕಪ್ಪು ಪುಡಿಯನ್ನು ದಿನವೂ ಮೊರದ ತುಂಬ ಎತ್ತಿ ಚರಂಡಿಯ ಕಡೆ ಸಾಗಿಸುತ್ತಾರೆ. ಈ ವಿಷಯದಲ್ಲಿ ಪಿಎಚ್.ಡಿ. ಕೊಡುವುದಿದ್ದರೆ ಅವರಿಗೇ ಕೊಡಬೇಕು, ಗೈಡ್ ಮಾತ್ರ ಒಪ್ಪುವುದಿಲ್ಲ: ಅವರ ಹತ್ತಿರ ಎಲ್-27 ಕೋಷ್ಟಕವಿಲ್ಲ.