ಮಿತವ್ಯಯದ ಪರದೇಶಪ್ರವಾಸ

ಈಚೆಗೆ ಒಂದು ಸಂಜೆ ನಮ್ಮ ಹಳೆಯ ಶಿಷ್ಯನೊಬ್ಬನು ತನ್ನ ತಾಯಿಯೊಡನೆ ಶಹಾಪುರದಿಂದ ಸುರಪುರದ ನಮ್ಮ ಮನೆಗೆ ಬಂದಿದ್ದನು. ಎಪ್ಪತ್ತು ದಾಟಿದ ಆ ತಾಯಿಯವರು 2025ರ ಜುಲೈಯಲ್ಲಿ ಬ್ಯಾಂಕಾಕ್ ನಗರವನ್ನು ನೋಡಿ ಬಂದವರು. ಜವಳಿಯ ಅಂಗಡಿಯಲ್ಲಿ ಲೆಕ್ಕ ಬರೆದು ಸಂಸಾರ ಸಾಗಿಸುವ ಮಗನು ಇದಕ್ಕಾಗಿ ಒಂದು ಕಾಸನ್ನೂ ಸಾಲ ಮಾಡಲಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಅವರ ಒಪ್ಪಿಗೆ ಪಡೆದು ಈ ಸಲ ವಾಚಕರಲ್ಲಿ ಅರಿಕೆ ಮಾಡುವೆವು. ಗೃಹಸ್ಥರಲ್ಲಿ ಕೆಲವರಿಗಾದರೂ ಉಪಯೋಗವಾದೀತು.

ಶಹಾಪುರದ ಗುಡ್ಡಗಳ ಸಾಲು ದೂರದಿಂದ ಮಲಗಿದ ಬುದ್ಧನಂತೆ ತೋರುವುದೆಂಬುದು ನಮ್ಮ ಪ್ರಾಂತದವರೆಲ್ಲರೂ ಬಲ್ಲ ಸಂಗತಿ. ಆ ತಾಯಿಯವರು ಸೊಸೆಯಾಗಿ ಬಂದ ದಿನದಿಂದ ಅದನ್ನೇ ನೋಡುತ್ತ ಬಾಳಿದವರು. ಒಂದು ದಿನ ಮೊಮ್ಮಗನು ಮೊಬೈಲಿನಲ್ಲಿ ಬ್ಯಾಂಕಾಕಿನ ವಾಟ್ ಫೋ ಎಂಬ ದೇವಾಲಯದ ಶಯನಬುದ್ಧನ ಚಿತ್ರವನ್ನು ತೋರಿಸಿದನಂತೆ. ನಲವತ್ತಾರು ಮೀಟರು ಉದ್ದ, ಹದಿನೈದು ಮೀಟರು ಎತ್ತರ, ಮೈಯೆಲ್ಲ ಬಂಗಾರದ ಹೊದಿಕೆ. "ಇವನ್ನ ಒಮ್ಮಿ ಕಣ್ಣಾರೆ ನೋಡಬೇಕು ನೋಡಪಾ" ಎಂದು ಆಕೆ ಅಂದರು. ಎಂದೂ ಏನನ್ನೂ ಬೇಡದ ತಾಯಿಯ ಮಾತು ಮಗನ ಮನಸ್ಸಿಗೆ ನಾಟಿತು.

2025ರ ಸಂಕ್ರಾಂತಿಯ ಹೊತ್ತಿಗೆ ಅವನು ಒಬ್ಬ ಏಜೆಂಟನ ಹಸ್ತಪತ್ರಿಕೆಯನ್ನು ಹಿಡಿದು ನಮ್ಮಲ್ಲಿಗೆ ಬಂದನು. ಬೇಸಗೆಯ ರಜೆಯಲ್ಲಿ ಮನೆಯ ಐವರೂ ಹೋಗುವುದು. ವೆಚ್ಚ ಎರಡೂವರೆ ಲಕ್ಷಕ್ಕೆ ಮೇಲೆ. ಕೈಯಲ್ಲಿರುವುದು ಮೂವತ್ತು ಸಾವಿರ. ಉಳಿದುದಕ್ಕೆ ಹೆಂಡತಿಯ ಪಾಟಲಿಗಳನ್ನು ಒತ್ತೆಯಿಡುವುದು. "ಗುರುಗಳೇ, ಅವ್ವನ ಮೊಣಕಾಲು ಇನ್ನೆಷ್ಟು ವರ್ಷ ತಡೀತಾವ?" ಎಂದು ಕೇಳಿದನು. ನಾವು ಕ್ಷಣಕಾಲ ಸುಮ್ಮನಾದೆವು. ಸಾಲ ಮಾಡಿಯಾದರೂ ತುಪ್ಪ ತಿನ್ನಬೇಕೆಂಬ ಚಾರ್ವಾಕನ ಮತವನ್ನು ಖಂಡಿಸುವುದು ಸುಲಭ. ವೃದ್ಧೆಯಾದ ತಾಯಿಗೆ ಎರಡು ವರ್ಷ ಕಾಯಿರೆಂದು ಹೇಳುವುದು ಸುಲಭವಲ್ಲ. ಸಾಲವೂ ಆಗದೆ ಕಾಲವೂ ಮೀರದೆ ಇರುವ ದಾರಿಯನ್ನು ಹುಡುಕಬೇಕಾಯಿತು.

ನಮ್ಮ ಗೃಹಿಣಿಯೊಡನೆ ನಾವು 2024ರ ಆಗಸ್ಟಿನಲ್ಲಿ ಅದೇ ನಗರಕ್ಕೆ ಹೋಗಿ ಬಂದಿದ್ದೆವು. ಆ ಲೆಕ್ಕದ ಪುಸ್ತಕವನ್ನು ತೆಗೆದು ಅವನ ಮುಂದಿಟ್ಟೆವು. ಇಬ್ಬರಿಗೆ ವಿಮಾನದ ಹೋಗಿಬರುವ ಟಿಕೆಟು 36,000 ರೂಪಾಯಿ, ನಾಲ್ಕು ರಾತ್ರಿಯ ವಸತಿ 8,000, ಊಟ ಉಪಾಹಾರ 6,000, ಊರೊಳಗಿನ ಓಡಾಟ ಹಾಗೂ ಪ್ರವೇಶಶುಲ್ಕ 8,000, ಹೈದರಾಬಾದಿಗೆ ಹೋಗಿಬರಲು 4,000, ಪಾಸ್‌ಪೋರ್ಟಿಗೆ 3,000, ವಿಮೆಗೆ 1,000, ದಂಡ 3,000, ಒಟ್ಟು 69,000. ಈ ದಂಡದ ಕಥೆಯನ್ನು ಮುಂದೆ ಹೇಳುವೆವು.

ಈ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಹಣವು ವಿಮಾನಕ್ಕೇ ಹೋಗಿರುವುದನ್ನು ವಾಚಕರು ಗಮನಿಸಿರಬಹುದು. ಪರದೇಶಕ್ಕೆ ಹೋದ ಮೇಲೆ ಕಾಫಿಗೂ ಎಳನೀರಿಗೂ ಜಿಪುಣತನ ಮಾಡಿದರೆ ಉಳಿಯುವುದು ಅಲ್ಪ. ಯಾರು ಹೋಗಬೇಕು, ಯಾವಾಗ, ಎಲ್ಲಿಂದ ಎಂಬ ಮೂರು ಪ್ರಶ್ನೆಗಳನ್ನು ಮನೆಯ ಪಡಸಾಲೆಯಲ್ಲಿ ಕುಳಿತು ಬಿಡಿಸಿಕೊಂಡರೆ ಉಳಿಯುವುದು ಬಹಳ.

ಮೊದಲನೆಯದಾಗಿ, ಐವರ ಬದಲು ತಾಯಿಮಗ ಇಬ್ಬರೇ ಹೋಗುವುದೆಂದು ನಿಶ್ಚಯವಾಯಿತು. ಇದನ್ನು ಸೂಚಿಸಿದವಳು ಸೊಸೆಯೇ. ಎರಡನೆಯದು ಕಾಲ. ಆ ನಗರದಲ್ಲಿ ನವೆಂಬರದಿಂದ ಫೆಬ್ರುವರಿಯವರೆಗೆ ಹವೆಯು ಹಿತಕರ. ಆಗ ಜಗತ್ತೆಲ್ಲ ಅಲ್ಲಿಗೆ ನುಗ್ಗುವುದರಿಂದ ದರಗಳೂ ಏರುವುವು. ಏಪ್ರಿಲಿನಲ್ಲಿ ಬಿಸಿಲು ವಿಪರೀತ. ಮೇ ತಿಂಗಳಿಂದ ಅಕ್ಟೋಬರದವರೆಗೆ ಮಳೆಗಾಲವಾಗಿ ದರಗಳು ಇಳಿಯುವುವು. ಕೊಡೆಯೊಂದಿದ್ದರೆ ಜುಲೈ ತಿಂಗಳ ಮಳೆಗೆ ಅಂಜಬೇಕಾಗಿಲ್ಲ. ಸೆಪ್ಟೆಂಬರವನ್ನು ಮಾತ್ರ ಬಿಡುವುದು ಲೇಸು. ಆಷಾಢದಲ್ಲಿ ಮದುವೆಗಳಿಲ್ಲದೆ ಜವಳಿಯ ವ್ಯಾಪಾರವೂ ಮಂದವಾದ್ದರಿಂದ ಶಿಷ್ಯನಿಗೆ ರಜೆ ದೊರೆಯಿತು. ಮೂರನೆಯದು ಹೊರಡುವ ಸ್ಥಳ. ವಿಮಾನವೆಂದರೆ ಬೆಂಗಳೂರೆಂದು ನಮ್ಮವರು ತಿಳಿಯುವರು. ಯಾದಗಿರಿಯಿಂದ ಬೆಂಗಳೂರು ಐನೂರು ಕಿಲೋಮೀಟರಿನಷ್ಟು ದೂರವಿದ್ದರೆ ಹೈದರಾಬಾದು ಇನ್ನೂರರ ಆಸುಪಾಸು. ಎರಡೂ ಕಡೆಯ ದರಗಳನ್ನು ಹೋಲಿಸಿ ನೋಡಿ, ಮೂರು ತಿಂಗಳು ಮುಂಚೆ ಟಿಕೆಟು ಕೊಂಡದ್ದಾಯಿತು. ಕೈಯಲ್ಲಿದ್ದ ಮೂವತ್ತು ಸಾವಿರಕ್ಕೆ ತಿಂಗಳಿಗೆ ಆರು ಸಾವಿರದಂತೆ ಆರು ತಿಂಗಳು ಕೂಡಿಸಲು ಗಂಟು ತುಂಬಿತು. ಪಾಟಲಿಗಳು ಕೈಯಲ್ಲಿಯೇ ಉಳಿದುವು.

ಇನ್ನು ಕಾಗದಪತ್ರಗಳ ವಿಷಯ. ಮೂವತ್ತಾರು ಪುಟದ ಸಾಧಾರಣ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಅರುವತ್ತು ದಾಟಿದವರಿಗೆ ಹೊಸತರಲ್ಲಿ ಹತ್ತರಲ್ಲೊಂದು ಪಾಲು ರಿಯಾಯತಿ. ತ್ವರೆ ಮಾಡಿದರೆ ಎರಡು ಸಾವಿರ ಹೆಚ್ಚು. ಆದುದರಿಂದ ಇದೇ ಮೊದಲ ಕೆಲಸವಾಗತಕ್ಕದ್ದು. ಹಳೆಯ ಪಾಸ್‌ಪೋರ್ಟು ಇದ್ದವರು ಅದರ ಅವಧಿಯು ಪ್ರಯಾಣದ ದಿನದಿಂದ ಆರು ತಿಂಗಳಾದರೂ ಇದೆಯೇ ಎಂದು ನೋಡಿಕೊಳ್ಳಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಶಃ ಟಿಕೆಟಿನಲ್ಲಿಯೂ ಇರಬೇಕು. ಮೂವತ್ತೈದು ವರ್ಷ ಹುಡುಗರ ಕಾಗುಣಿತವನ್ನು ತಿದ್ದಿದ ನಾವು ನಮ್ಮ ಹೆಸರಿನಲ್ಲಿಯೇ ಒಂದಕ್ಷರ ತಪ್ಪಿದ್ದುದನ್ನು ಕಾಣದೆ, ಅದನ್ನು ತಿದ್ದಿಸಲು ಮೂರು ಸಾವಿರ ತೆತ್ತೆವು. ಮೇಲಿನ ದಂಡವೆಂದರೆ ಇದೇ.

2024ರ ಜುಲೈ 15ರಿಂದ ಥಾಯ್ ಸರಕಾರವು ಭಾರತೀಯರಿಗೆ ವೀಸಾ ಇಲ್ಲದೆ ಅರುವತ್ತು ದಿನ ತಂಗುವ ಸೌಕರ್ಯವನ್ನು ಕೊಟ್ಟಿತು. ಇಂಥ ನಿಯಮಗಳು ಬದಲಾಗುತ್ತಲಿರುವುದರಿಂದ ಟಿಕೆಟು ಕೊಳ್ಳುವ ದಿನವೇ ಆ ದೇಶದ ರಾಯಭಾರ ಕಛೇರಿಯ ಪ್ರಕಟಣೆಯನ್ನು ಓದತಕ್ಕದ್ದು. 2025ರ ಮೇ 1ರಿಂದ ಆಗಮನಪತ್ರವನ್ನು ಪ್ರಯಾಣಕ್ಕೆ ಮುಂಚಿನ ಮೂರು ದಿನಗಳೊಳಗೆ ಅಂತರಜಾಲದಲ್ಲಿ ತುಂಬುವ ಕ್ರಮವು ಬಂದಿದೆ. ಸರಕಾರವು ಇದಕ್ಕೆ ಹಣ ಕೇಳುವುದಿಲ್ಲ, ಕೇಳುವವರು ಮಧ್ಯವರ್ತಿಗಳು. ಹಿಂದಿರುಗುವ ಟಿಕೆಟು, ವಸತಿಯ ಚೀಟಿ, ಸಾಕಷ್ಟು ಹಣ, ಇವನ್ನು ಅಧಿಕಾರಿಗಳು ಕೇಳಿದರೆ ತೋರಿಸುವಂತಿರಬೇಕು. ವೃದ್ಧರಿಗೆ ಗಾಲಿಕುರ್ಚಿ ಬೇಕಾದರೆ ವಿಮಾನದವರಿಗೆ ಮುಂಚಿತವಾಗಿಯೇ ತಿಳಿಸಬೇಕು. ತಾಯಿಯವರಿಗೆ ಅದು ಬಹಳ ಅನುಕೂಲವಾಯಿತು.

ಅಲ್ಲಿಯ ಮುಖ್ಯ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅಶೋಕನ ಕಾಲದಲ್ಲಿ ಸೋಣ ಮತ್ತು ಉತ್ತರರೆಂಬ ಭಿಕ್ಷುಗಳು ಸುವರ್ಣಭೂಮಿಗೆ ಹೋದರೆಂದು ಸಿಂಹಳದ ಮಹಾವಂಸವು ಹೇಳುವುದು. ಅದೇ ಅಶೋಕನ ಶಾಸನಗಳು ನಮ್ಮ ನೆರೆಯ ಸನ್ನತಿಯಲ್ಲಿ, ಭೀಮಾತೀರದಲ್ಲಿ ದೊರೆತಿವೆ. ಸಂಸ್ಕೃತವನ್ನು ಓದಿದ ನಮಗೆ ಆ ನಾಮಫಲಕವನ್ನು ಕಂಡಾಗ ಪರದೇಶವೆಂಬ ಅಳುಕು ಅರ್ಧ ಕಡಿಮೆಯಾಯಿತು. ಅಲ್ಲಿಂದ ಪಟ್ಟಣದೊಳಕ್ಕೆ ರೈಲು ಅರ್ಧ ಗಂಟೆಯಲ್ಲಿ ಮುಟ್ಟಿಸುವುದು. ರೈಲುನಿಲ್ದಾಣಕ್ಕೆ ನಡೆದುಹೋಗುವಷ್ಟು ಹತ್ತಿರ ವಸತಿ ಹಿಡಿದರೆ ಬಾಡಿಗೆ ವಾಹನದ ವೆಚ್ಚವು ಉಳಿಯುವುದು.

ಹಣದ ಲೆಕ್ಕವನ್ನು ಒಂದು ಬಾಟಿಗೆ ಮೂರು ರೂಪಾಯಿಯಂತೆ ಹಿಡಿದೆವು, ಕೊರತೆ ಬೀಳಲಿಲ್ಲ. 2024ರಲ್ಲಿ ವಾಟ್ ಫೋ ಪ್ರವೇಶಕ್ಕೆ ತಲೆಗೆ 300 ಬಾಟು, ಅದರ ಸಮೀಪದ ಅರಮನೆಗೆ 500 ಬಾಟು ತೆತ್ತೆವು. "ಇಂದು ಬಾಗಿಲು ಮುಚ್ಚಿದೆ, ಬೇರೆ ಕಡೆಗೆ ಕರೆದೊಯ್ಯುವೆ" ಎನ್ನುವ ವಾಹನದವರ ಮಾತನ್ನು ನಂಬದೆ ಬಾಗಿಲವರೆಗೆ ನಡೆದು ನೋಡತಕ್ಕದ್ದು. ಸಸ್ಯಾಹಾರಿಗಳು "ಜೇ" ಎಂಬ ಒಂದು ಶಬ್ದವನ್ನು ಕಲಿತರೆ ಸಾಕು. ಹಳದಿ ಪತಾಕೆಯಲ್ಲಿ ಕೆಂಪಕ್ಷರದ ಆ ಗುರುತಿದ್ದಲ್ಲಿ ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಬೇರೆಡೆಯಲ್ಲಿ ಬರಿಯ ಕಾಯಿಪಲ್ಲೆಗೂ ಮೀನಿನ ರಸವನ್ನು ಬೆರೆಸುವುದುಂಟು. ಪಾಹುರಾಟ್ ಎಂಬ ಭಾಗದಲ್ಲಿ ನಮ್ಮ ದೇಶದ ಊಟವೂ ದೊರೆಯುವುದು. ತಾಯಿಯವರು ಮಾತ್ರ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಗಂಟನ್ನು ನೆಚ್ಚಿದ್ದರು.

"ಏನು ನೋಡಿದಿರಿ ತಾಯಿ?" ಎಂದು ನಾವು ಕೇಳಿದೆವು. ಬುದ್ಧನ ಅಂಗಾಲಿನಲ್ಲಿ ಮುತ್ತಿನ ಚಿಪ್ಪಿನಿಂದ ಕೂಡಿಸಿದ ನೂರೆಂಟು ಚಿಹ್ನೆಗಳನ್ನೂ, ಗೋಡೆಯುದ್ದಕ್ಕೆ ಇಟ್ಟ ನೂರೆಂಟು ಬಟ್ಟಲುಗಳಲ್ಲಿ ತಾವು ನಾಣ್ಯ ಹಾಕುತ್ತ ಹೋದುದನ್ನೂ ಹೇಳಿದರು. ಆ ಮೇಲೆ ತುಸು ಹೊತ್ತು ಸುಮ್ಮನಿದ್ದು, "ಮಾಸ್ತರ್ರೇ, ಅವಗ ಮನಿ ಕಟ್ಟ್ಯಾರ. ನಮ್ಮ ಗುಡ್ಡದಾಂವ ಮಳಿಬಿಸಿಲಾಗ ಮಲಗ್ಯಾನ. ಬಂದ ಮ್ಯಾಲ ಇವನ ಮ್ಯಾಲೇ ಜಾಸ್ತಿ ಜೀವ ಆಗೇತಿ" ಎಂದರು.

ಹೊರಡುವಾಗ ಶಿಷ್ಯನು ಇನ್ನೊಂದು ಸಂಗತಿಯನ್ನು ತಿಳಿಸಿದನು. ತಿಂಗಳಿಗೆ ಆರು ಸಾವಿರ ತೆಗೆದಿಡುವ ರೂಢಿಯು ತಪ್ಪಿಲ್ಲವಂತೆ. ಈ ಗಂಟು ಸೊಸೆಯ ಹೆಸರಿನಲ್ಲಿ ಬೆಳೆಯುತ್ತಿದೆ. ಆಕೆ ಯಾವ ಊರನ್ನು ನೋಡಬಯಸುವಳೆಂದು ಈ ಸಲ ಮೊದಲೇ ಕೇಳು ಎಂದು ಹೇಳಿ ಕಳುಹಿಸಿದೆವು.