75 ಕೆಜಿ ಚೀಲದ ಕೆಳಗೆ

ಗಂಗಾವತಿ, ಕಾರಟಗಿಯಲ್ಲಿ ಭತ್ತದ ದರ ಕೇಳಿ, 75 ಕೆಜಿ ಚೀಲದ ಲೆಕ್ಕದಲ್ಲೇ ಹೇಳುತ್ತಾರೆ. ಆ ಚೀಲವನ್ನು ಇಬ್ಬರು ಆಚೀಚೆ ಹಿಡಿದು ಎತ್ತುತ್ತಾರೆ. ಮೂರನೆಯವನು ತಲೆ ತಗ್ಗಿಸಿ ಕೆಳಗೆ ನುಗ್ಗಿ ಬೆನ್ನು ಕೊಡುತ್ತಾನೆ, ಬಾಗುವ ಹಲಗೆಯ ಮೇಲೆ ಹೆಜ್ಜೆಯಿಡುತ್ತ ಲಾರಿ ಏರುತ್ತಾನೆ. ಅದೇ ಭತ್ತ ಅಕ್ಕಿಯಾಗಿ ಮಿಲ್ಲಿನಿಂದ ಹೊರಡುವಾಗ 25–26 ಕೆಜಿಯ ಪ್ಯಾಕೆಟ್ಟಾಗಿರುತ್ತದೆ. ಪಟ್ಟಣದ ಗಿರಾಕಿ ಮೆಟ್ಟಿಲು ಹತ್ತಬೇಕಲ್ಲ! ಗಿರಾಕಿಯ ಸೊಂಟಕ್ಕೊಂದು ತೂಕ, ಹಮಾಲನ ಸೊಂಟಕ್ಕೆ ಅದರ ಮೂರುಪಟ್ಟು.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಬೆಳೆ ಕೊಯ್ಲಿಗೆ ಬರುವ ಮುನ್ನವೇ ಈ ಮಾತು ಆಡಬೇಕು. ಸುಗ್ಗಿ ಶುರುವಾದ ಮೇಲೆ ಯಾರಿಗೂ ಪುರಸೊತ್ತಿರುವುದಿಲ್ಲ, ನೋವನ್ನು ಹೇಳಿಕೊಳ್ಳುವವನಿಗೂ ಇಲ್ಲ. ‘ಏನಿಲ್ರಿ, ಸ್ವಲ್ಪ ಸೊಂಟ ಹಿಡಕೊಂಡೈತಿ’ ಅನ್ನುತ್ತಲೇ ಮತ್ತೊಂದು ಚೀಲಕ್ಕೆ ಬಾಗುತ್ತಾನೆ. ಬೆಳಿಗ್ಗೆ ಏಳುವಾಗ ಬೆನ್ನು ಸೆಟೆದಿರುವುದು, ತೊಡೆಯಿಂದ ಪಾದದವರೆಗೆ ಚಳಕು ಇಳಿಯುವುದು, ಕಾಲು ಜೋಮು ಹಿಡಿಯುವುದು: ಎಣ್ಣೆ ತಿಕ್ಕಿ ಮರೆಯುವ ಸಂಗತಿಗಳಲ್ಲ ಇವು. ಬಾಗಿ ಭಾರ ಎತ್ತಿದಾಗಲೆಲ್ಲ ಬೆನ್ನುಮೂಳೆಗಳ ನಡುವಿನ ಮೆತ್ತೆಯ ಮೇಲೆ ಒತ್ತಡ ಬೀಳುತ್ತದೆ. ಅದು ಉಬ್ಬಿ ನರವನ್ನು ಅದುಮಿದರೆ ದುಡಿಮೆಯೇ ನಿಲ್ಲುತ್ತದೆ.

ಭಾರ ಹೊರುವುದು ಮಾತ್ರವಲ್ಲ, ಒಂದೇ ಭಂಗಿಯಲ್ಲಿ ದುಡಿಯುವುದೂ ಮೈಯನ್ನು ತಿನ್ನುತ್ತದೆ. ಕೊಪ್ಪಳದ ಮಗ್ಗುಲ ಭಾಗ್ಯನಗರದಲ್ಲಿ ಹೆಂಗಸರು ನೆಲದ ಮೇಲೆ ಕೂತು ವಿಗ್ ತಯಾರಿಕೆಗೆ ಹೋಗುವ ಸಿಕ್ಕುಗಟ್ಟಿದ ಕೂದಲು ಬಿಡಿಸುತ್ತಾರೆ. ಕಿನ್ನಾಳದ ಚಿತ್ರಗಾರರು ಗೊಂಬೆಯ ಕಣ್ಣು ಬರೆಯಲು ಕತ್ತು ಬಗ್ಗಿಸಿಯೇ ಇರುತ್ತಾರೆ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದ ನೇಕಾರರ ಕಾಲು, ಹೆಗಲು ಎರಡಕ್ಕೂ ಮಗ್ಗದಲ್ಲಿ ಬಿಡುವಿಲ್ಲ. ಯಲಬುರ್ಗಾ ಸೀಮೆಯ ಕಡಲೆ ಹೊಲದಲ್ಲಿ ಗಿಡ ಕೀಳುವವರು ಸಂಜೆಯವರೆಗೆ ನೆಟ್ಟಗಾಗುವುದೇ ಅಪರೂಪ. ಇವರಿಗೆ ಬೇಕಾದದ್ದು ದೊಡ್ಡ ಯಂತ್ರವೇನಲ್ಲ. ಮೊಳದೆತ್ತರದ ಮಣೆ, ಬೆನ್ನಿಗೊಂದು ಆಸರೆ, ತಾಸಿಗೊಮ್ಮೆ ಎದ್ದು ಅಡ್ಡಾಡಿದರೆ ಬೈಯದ ಮಾಲೀಕ.

ಹಮಾಲರ ವಿಷಯ ಅಷ್ಟು ಸುಲಭವಲ್ಲ. ಗಾಯವಾಗುವಷ್ಟು ಭಾರವನ್ನು ಕಾರ್ಮಿಕನಿಂದ ಹೊರಿಸಕೂಡದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮೇ ಹೇಳಿತ್ತು. ವಯಸ್ಕ ಗಂಡಾಳಿನ ಹೊರೆಯನ್ನು 55 ಕೆಜಿಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಶಿಫಾರಸು ಮಾಡಿತು. ನೆರೆಯ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ (ತಲೆಹೊರೆ) ಕಾರ್ಮಿಕರು, ಹಮಾಲರಿಗೆಂದು ಪ್ರತ್ಯೇಕ ಕಾಯ್ದೆ ತಂದಿತು. ನಮ್ಮಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಹಮಾಲರನ್ನು ಗುರುತಿಸಿದೆ ನಿಜ, ಆದರೆ ಅದರ ಪರಿಹಾರ ಅಪಘಾತ, ಸಾವುಗಳ ಸುತ್ತಲೇ ಇದೆ. ಚೀಲ ಬಿದ್ದು ಕಾಲು ಮುರಿದರೆ ಕಾಗದ ಹುಟ್ಟುತ್ತದೆ. ಇಪ್ಪತ್ತು ವರ್ಷದಲ್ಲಿ ಸವೆದ ಸೊಂಟಕ್ಕೆ ಯಾವ ಕಾಗದವೂ ಇಲ್ಲ.

ಚೀಲ 50 ಕೆಜಿಗೆ ಇಳಿಯಲಿ. ಸಿಮೆಂಟ್ ಬರುವುದು ಅಷ್ಟರಲ್ಲೇ, ವ್ಯಾಪಾರವೇನೂ ನಿಂತಿಲ್ಲ. ಆದರೆ ಒಂದು ತಕರಾರು ಈಗಲೇ ಎದ್ದೀತು, ಅದೂ ಹಮಾಲರಿಂದಲೇ. ಕೂಲಿ ಚೀಲದ ಲೆಕ್ಕದಲ್ಲಿದೆ. ಚೀಲ ಚಿಕ್ಕದಾಯಿತೆಂದು ದರವನ್ನು ಮನಸ್ಸಿಗೆ ಬಂದಷ್ಟು ಕಡಿದರೆ, ಹಿಂದೆ ನೂರು ಸಲ ಹೊತ್ತ ಮಾಲಿಗೆ ಈಗ ನೂರೈವತ್ತು ಸಲ ಹೊತ್ತೂ ಕಡಿಮೆ ದುಡ್ಡು ಕೈಗೆ ಬಂದೀತು. ಹಾಗಾಗಿ ಕೂಲಿ ಕ್ವಿಂಟಲ್ ಲೆಕ್ಕಕ್ಕೆ ಬರಬೇಕು, ಏರಿ ಇಳಿಯುವ ಹೆಚ್ಚಿನ ಸರದಿಗೆ ಬೆಲೆ ಸೇರಬೇಕು. ಕೃಷಿ ಮಾರುಕಟ್ಟೆ ಸಮಿತಿಗಳು ಮಿಲ್ ಮಾಲೀಕರನ್ನೂ ಹಮಾಲರ ಸಂಘಗಳನ್ನೂ ಕೂರಿಸಿ ಆ ದರವನ್ನು ಮೊದಲ ಗಾಡಿ ಭತ್ತ ಬರುವ ಮುಂಚೆಯೇ ಮಾರುಕಟ್ಟೆಯ ಹಲಗೆಯ ಮೇಲೆ ಬರೆಸಲಿ.