ಬೈಕ್ ಮಾತು – 7: ಟೈಟ್ ಮಾಡಿದ ಮಾತ್ರಕ್ಕೆ ರಿಪೇರಿ ಆಗಲ್ಲ

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಬಳೆ ಥರ ಇರೋ ಉಕ್ಕಿನ ಕಪ್. ಒಳಗಡೆ ಸುತ್ತಲೂ ಸಾಲಾಗಿ ಸಣ್ಣ ಸಣ್ಣ ಗುಳಿ ಕಾಣ್ತಿದ್ಯಾ? ಇವತ್ತಿನ ವಿಷಯ ಅದೇ. ಗ್ಯಾರೇಜ್‌ನಲ್ಲಿ ಕೋನ್ ಸೆಟ್ ಅಂತಾರೆ, ಮ್ಯಾನುಯಲ್‌ನಲ್ಲಿ ಸ್ಟೀರಿಂಗ್ ಹೆಡ್ ಬೇರಿಂಗ್. ಮೇಲೊಂದು, ಕೆಳಗೊಂದು. ಹ್ಯಾಂಡಲ್ ತಿರುಗೋದೇ ಇವುಗಳ ಮೇಲೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಹ್ಯಾಂಡಲ್ ಮಧ್ಯದಲ್ಲಿ ಕಚ್ಚೋಕೆ ಶುರುವಾದ ಮೇಲೆ ನಟ್ ಟೈಟ್ ಮಾಡಿಸಿ ಓಡಿಸೋದು ಉಳಿತಾಯ ಅಲ್ಲ. ಸೆಟ್ ಬದಲಾಯಿಸಬೇಕು. ಅದೂ ಪೂರ್ತಿ ಸೆಟ್.

ಯಾಕೆ ಅಂತ ಕೇಳಿ. ಬೈಕ್ ಹೆಚ್ಚು ಹೊತ್ತು ಓಡೋದು ನೇರವಾಗಿ. ಅಂದ್ರೆ ಬಾಲ್‌ಗಳು ಕಪ್‌ನಲ್ಲಿ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಕೂತಿರ್ತವೆ. ಪ್ರತಿ ಗುಂಡಿ, ಪ್ರತಿ ಹಂಪ್‌ನ ಏಟು ಅದೇ ಜಾಗಕ್ಕೆ ಬೀಳುತ್ತೆ. ರಸ್ತೆಯ ಅದುರುವಿಕೆಗೆ ಅಲ್ಲಿನ ಗ್ರೀಸ್ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ಉಜ್ಜುತ್ತೆ. ಕೊನೆಗೆ ಗುಳಿ. 1900ರಲ್ಲಿ ಸ್ವೀಡನ್ನಿನ ಬ್ರಿನೆಲ್ ಅನ್ನೋ ಎಂಜಿನಿಯರ್ ಲೋಹದ ಗಟ್ಟಿತನ ಅಳೆಯೋಕೆ ಒಂದು ಪರೀಕ್ಷೆ ತೋರಿಸಿದ: ಗಟ್ಟಿ ಬಾಲ್ ಒತ್ತೋದು, ಬಿದ್ದ ಗುಳಿ ಅಳೆಯೋದು. ಬೇರಿಂಗ್‌ಗೆ ಏಟಿನಿಂದ ಬೀಳೋ ಗುಳಿಗೆ ಇವತ್ತಿಗೂ ಅವನ ಹೆಸರೇ, ಬ್ರಿನೆಲಿಂಗ್. ಮೆಕ್ಯಾನಿಕಲ್‌ನವರೇ, ಲ್ಯಾಬ್‌ನಲ್ಲಿ ಮಾಡಿದ್ದು ನೆನಪಿದ್ಯಾ?

ಈಗ ಯೋಚಿಸಿ. ಗುಳಿ ಬಿದ್ದ ಕಪ್‌ನ ಟೈಟ್ ಮಾಡಿದ್ರೆ ಗುಳಿ ಹೋಗುತ್ತಾ? ಬಾಲ್‌ಗಳು ಗುಳಿಯಲ್ಲಿ ಇನ್ನೂ ಗಟ್ಟಿಯಾಗಿ ಕೂರ್ತವೆ, ಅಷ್ಟೇ. ಬೈಕ್ ಬ್ಯಾಲೆನ್ಸ್ ಉಳಿಸಿಕೊಳ್ಳೋದು ಮುಂದಿನ ಚಕ್ರ ನಮಗೆ ಗೊತ್ತಾಗದಷ್ಟು ಸಣ್ಣದಾಗಿ ಎಡಬಲ ಆಡೋದ್ರಿಂದ. ಆ ಆಟಕ್ಕೇ ತಡೆ ಬಿದ್ರೆ ಬೈಕ್ ಕುಡಿದವನ ಥರ ಅತ್ತಿತ್ತ ಎಳೆಯುತ್ತೆ, ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗುವಾಗಂತೂ ಚೆನ್ನಾಗಿ ಗೊತ್ತಾಗುತ್ತೆ. ಲೂಸ್ ಬಿಟ್ರೆ ಬ್ರೇಕ್ ಹಿಡಿದಾಗೆಲ್ಲ ಟಕ್ ಟಕ್, ಕಪ್ ಇನ್ನೂ ಬೇಗ ಹಾಳು.

ಹಾಗಾದ್ರೆ ಟೈಟ್ ಮಾಡೋದೇ ತಪ್ಪಾ? ಅಲ್ಲ. ಗುಳಿ ಇಲ್ಲದೆ ಬರೀ ಆಟ ಇದ್ರೆ ಟೈಟ್ ಮಾಡಿದ್ರೆ ಸಾಕು. ಹೊಸ ಸೆಟ್ ಹಾಕಿದ ಮೇಲೂ ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಒಮ್ಮೆ ನೋಡಿಸಬೇಕು, ಯಾಕಂದ್ರೆ ಕಪ್ ಸ್ವಲ್ಪ ಕೂತುಕೊಳ್ಳುತ್ತೆ. ಎರಡಕ್ಕೂ ವ್ಯತ್ಯಾಸ ಗೊತ್ತಿರಬೇಕು ಅನ್ನೋದೇ ನನ್ನ ವಾದ.

ಚೆಕ್ ಮಾಡೋಕೆ ಎರಡೇ ನಿಮಿಷ. ಮೇನ್ ಸ್ಟ್ಯಾಂಡ್ ಹಾಕಿ, ಗೆಳೆಯನಿಗೆ ಹಿಂದೆ ಒತ್ತೋಕೆ ಹೇಳಿ, ಮುಂದಿನ ಚಕ್ರ ನೆಲ ಬಿಡಲಿ. ಹ್ಯಾಂಡಲ್‌ನ ಒಂದೇ ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ಮಧ್ಯದಲ್ಲಿ ಕಟ್ ಅಂತ ಕೂತ್ರೆ ಗುಳಿ ಬಿದ್ದಿದೆ. ಆಮೇಲೆ ಫೋರ್ಕ್‌ನ ಕೆಳಗೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಅಂದ್ರೆ ಆಟ ಇದೆ. (ಫೋರ್ಕ್ ಸವೆದಿದ್ರೂ ಹಾಗೇ ಅನ್ನುತ್ತೆ. ಮೇಲಿನ ನಟ್ ಹತ್ರ ಬೆರಳಿಟ್ಟು ನೋಡಿ, ಎಲ್ಲಿ ಅಲ್ಲಾಡ್ತಿದೆ ಅಂತ ಗೊತ್ತಾಗುತ್ತೆ.)

ಗ್ಯಾರೇಜ್‌ಗೆ ಹೋದಾಗ "ಬಾಲ್ ಮಾತ್ರ ಹೊಸದು ಹಾಕಣ, ಕಪ್ ಚೆನ್ನಾಗಿದೆ" ಅಂದ್ರೆ ಒಪ್ಪಬೇಡಿ. ಹಳೇ ಗುಳಿಗೆ ಹೊಸ ಬಾಲ್ ಹಾಕಿ ಏನು ಬಂತು? ಸಾಮಾನ್ಯ ಕಮ್ಯೂಟರ್ ಬೈಕ್‌ಗೆ ಸೆಟ್ ಕೆಲವು ನೂರು ರೂಪಾಯಿ ಅಷ್ಟೇ. ಕೆಲಸ ಜಾಸ್ತಿ ಇರೋದು ಬಿಚ್ಚೋದ್ರಲ್ಲಿ: ಚಕ್ರ, ಫೋರ್ಕ್, ಹ್ಯಾಂಡಲ್ ಎಲ್ಲ ಬರಬೇಕು, ಹಳೇ ಕಪ್ ಒಳಗಿಂದ ತಟ್ಟಿ ತೆಗೀಬೇಕು. ಅಷ್ಟೆಲ್ಲ ಬಿಚ್ಚಿದ ಮೇಲೆ ಕಪ್ ಉಳಿಸೋದು, ಕೋಟೆ ಗೆದ್ದು ಬಾಗಿಲಲ್ಲಿ ಸೋತ ಹಾಗೆ. "ಅಣ್ಣಾ, ಹಳೇ ಕಪ್ ನಂಗೆ ಕೊಡಿ" ಅಂತ ಮರ್ಯಾದೆಯಿಂದಲೇ ಕೇಳಿ. ಒಳ್ಳೇ ಮೆಕ್ಯಾನಿಕ್ ಬೇಜಾರು ಮಾಡ್ಕೊಳ್ಳಲ್ಲ, ಅವರೇ ಬೆರಳಿಟ್ಟು ತೋರಿಸ್ತಾರೆ.

ಇನ್ನೊಂದು ಮಾತು. ವಾಟರ್ ವಾಶ್‌ನಲ್ಲಿ ಹ್ಯಾಂಡಲ್ ಕೆಳಗೆ ನೇರವಾಗಿ ಪ್ರೆಶರ್ ನೀರು ಬಿಡಿಸಬೇಡಿ. ನೀರು ಒಳಗೆ ನುಗ್ಗಿದ್ರೆ ಗ್ರೀಸ್ ಹೋಗುತ್ತೆ, ತುಕ್ಕು ಬರುತ್ತೆ.

ನಮ್ಮಲ್ಲಿ ಸುಮಾರು ಜನ ಓಡಿಸೋದು ಅಪ್ಪನ ಬೈಕೋ, ಸೆಕೆಂಡ್ ಹ್ಯಾಂಡೋ. ಸೈಲೆನ್ಸರ್‌ಗೆ, ಸ್ಟಿಕ್ಕರ್‌ಗೆ ದುಡ್ಡು ಹೇಗೋ ಹೊಂದಿಸ್ತೀವಿ. ಕಣ್ಣಿಗೆ ಕಾಣದ ಈ ಕಪ್‌ಗೆ ಮಾತ್ರ "ಮುಂದಿನ ತಿಂಗಳು ನೋಡಣ". ಹಿಂದೆ ಕೂತಿರೋ ಗೆಳೆಯನ ಜೀವವೂ ಅದೇ ಹ್ಯಾಂಡಲ್ ಮೇಲಿದೆ ಕಣ್ರೋ. ಈ ಭಾನುವಾರ ಚೆಕ್ ಮಾಡಿ, ಕಚ್ಚುತ್ತಾ ಇಲ್ವಾ ಅಂತ ಕೆಳಗೆ ಬರೀರಿ.

#ಬೈಕ್‌ಮಾತು #ಕೋನ್‌ಸೆಟ್ #ಕನ್ನಡದಲ್ಲಿಬೈಕ್